ಕರಿಕಂಬಳಿಯೊಳಗಿನ ಕೈ

ಭತ್ತದ ಹೊಟ್ಟು ಬಿಸಿಲಲ್ಲಿ ತೇಲಿ ಮುದುಕಪ್ಪನ ಮೀಸೆಯ ಮೇಲೆ ಕೂರುತ್ತದೆ, ವೆಂಕೋಬ ಅದನ್ನೇ ನೋಡುತ್ತಿದ್ದಾನೆ, ಮೀಸೆ ಮೊದಲು ಅಲುಗುತ್ತದೆ, ಮಾತು ಆಮೇಲೆ ಬಂದು ತಾಗುತ್ತದೆ — ತಂಗಿಗೆ ಪರದೆ ಮ್ಯಾಲೆ ದೇವಿ ಮುತ್ತು ಕಟ್ಟಿಸಿ, ಊರ ಮಂದೀಗೆಲ್ಲ ತೋರಿಸಿ, ಈಗ ನಮ್ಮ ಹುಡುಗನ ಕೈಲೆ ತಾಳಿ ಕಟ್ಟಿಸ್ರಿ ಅಂತ ಬಂದೀಯೇನಲೇ, ನಾಚಿಕಿ ಅನ್ನೋದು ಈ ಗಂಗಾವತಿ ಅಂಗಡ್ಯಾಗ ಸಿಗತಿದ್ದರ ನಾನಽ ನಿನಗ ಒಂದು ಸೇರು ಕೊಡಿಸ್ತಿದ್ದೆ. ಚೀಲಗಳ ಮೇಲೆ ಕೂತ ಹಮಾಲರು ನಕ್ಕರು, ತೂಕದವನು ತಕ್ಕಡಿ ಬಿಟ್ಟು ನಕ್ಕ, ಟಾಂಗಾದ ಜಿಲಾನಸಾಬ ಮಾತ್ರ, ಹೋಗ್ಲಿ ಬಿಡ್ರಿ ಗೌಡ್ರ, ಹುಡುಗ ಅದಾನ, ಅಂದ. ಹುಡುಗನಂತೆ. ವೆಂಕೋಬನ ಮುಷ್ಟಿ ಬಿಗಿಯಿತು, ಉರ್ದು ಬರಲಿಲ್ಲವೆಂದು ಬಾರಿಸಿದ ಮಾಸ್ತರನ ಕೈಯಿಂದ ಬೆತ್ತ ಕಸಿದು ಮುರಿದು ಸಾಲೆ ಬಿಟ್ಟು ಎದ್ದು ಬಂದ ಅದೇ ಮುಷ್ಟಿ — ಆದರೆ ಇವನು ನವಲಿಯ ಮುದುಕಪ್ಪ, ಬೀಗನಾಗಬೇಕಿದ್ದವನು, ತನ್ನ ಮಗನಿಗೆಂದು ತಂಗಿ ಮಾರೆವ್ವನಿಗೆ ವೀಳ್ಯ ಕೊಟ್ಟು ಹೋದವನು, ಇವನ ಮೇಲೆ ಎತ್ತಬಾರದು, ಎತ್ತಿದರೆ ಅವಳದು ಮುಗಿಯಿತು, ಹೊಳೆನಡುವಿನ ಗಡ್ಡೆಯ ತನ್ನೂರಿಂದ ಇಲ್ಲಿಯವರೆಗೆ ನಡೆಯುತ್ತ ಬಾಯಿಪಾಠ ಮಾಡಿಕೊಂಡ ಮಾತೊಂದಿದೆ, ಅದನ್ನು ಹೇಳಿದರೆ ಸಾಕು, ಅದು ದೇವಿ ಮುತ್ತಲ್ಲರಿ, ಗುಲಗಂಜಿರಿ, ಕಟ್ಟಿದವ ಪೂಜಾರಿ ಅಲ್ಲರಿ, ಕರಿಕಂಬಳ್ಯಾಗ ಇದ್ದವ ನಾನಽ.

ಎಲ್ಲ ಆ ಈಶಪ್ಪನಿಂದ, ಸಾಹುಕಾರರ ಮಗ, ಮುಂಬೈಯಿಂದ ಕೈಯಲ್ಲಿ ತಿರುಗಿಸುವ ಕ್ಯಾಮರಾ ತಂದವನು, ಯಾವ ಕಂಪನಿ ಹಂಗೂ ಬ್ಯಾಡಲೇ ವೆಂಕೋಬಾ, ಹತ್ತು ಮಿನಿಟಿನ ಮೂಕಿ ಚಿತ್ರ, ನೋಡಿದವರು ಅಂಜಿ ಸಾಯಬೇಕು, ಅಂದವನು. ಗಡ್ಡೆಯಾಚೆ ಬಂಡೆಗಳ ಗವಿ, ಗವಿಯಲ್ಲಿ ಕರಿಕಂಬಳಿ ಹೊದ್ದ ದುಷ್ಟರ ಪಂಥ, ಹೆಣ್ಣುಮಕ್ಕಳನ್ನು ಹಿಡಿದು ತಂದು ಕೊರಳಿಗೆ ಸರ ಕಟ್ಟುತ್ತಾರೆ, ಕಟ್ಟಿಸಿಕೊಂಡವಳು ಕಲ್ಲಾಗುತ್ತಾಳೆ, ಅಷ್ಟೇ ಕಥೆ. ಸೀರೆ ಉಟ್ಟ ಗಂಡಸು ಬೇಡ, ಖರೇ ಹುಡುಗಿ ಬೇಕೆಂದ, ಮಾರೆವ್ವ ಹೂಂ ಅಂದಳು, ಕುಣಿದಳು — ಆಗ ತಾನು ಏನೆಂದೆ, ಎದೆ ಉಬ್ಬಿಸಿ ಏನೆಂದೆ, ಬ್ಯಾರೆ ಗಂಡಸಿನ ಕೈ ನನ್ನ ತಂಗಿ ಕೊರಳಿಗೆ ಬರಬಾರದು, ಸರ ಕಟ್ಟೋ ಆ ಗುರುವಿನ ಪಾರ್ಟು ನಂದು. ಗುಲಗಂಜಿ ಆರಿಸಿದ್ದೂ ತಾನೇ, ಪೋಣಿಸಿದ್ದೂ ತಾನೇ. ಆ ಬಿಸಿಲಲ್ಲಿ ಮುಖ ಮುಚ್ಚಿದ ಕಂಬಳಿ, ಕುರಿಯ ನಾತ, ಕಣ್ಣಿಗೆ ಇಳಿಯುವ ಬೆವರು, ಕೈ ಚಾಚಿದರೆ ಅವಳು ಪಿಸುಗುಡುತ್ತಾಳೆ, ಅಣ್ಣಾ, ನಿನ್ನ ಕೈ ಉಳ್ಳಾಗಡ್ಡಿ ನಾರಾಕತ್ತೈತಿ, ಆಮೇಲೆ ತಡೆಯಲಾಗದ ನಗು, ಈಶಪ್ಪ ಹಿಡಿಕೆ ತಿರುಗಿಸುತ್ತಲೇ ಒದರುತ್ತಾನೆ, ನಗಬ್ಯಾಡವ್ವಾ, ಅಂಜು, ಅಂಜು, ಅವಳು ತುಟಿ ಕಚ್ಚಿ ತಲೆ ತಗ್ಗಿಸುತ್ತಾಳೆ, ಭುಜಗಳು ಅಲುಗುತ್ತವೆ.

ಅದೇ ಭುಜ ಗೋದಾಮಿನಲ್ಲಿ, ಬಾಗಿಲು ಜಡಿದು ಕಿಟಕಿಗೆ ಗೋಣಿಚೀಲ ಕಟ್ಟಿ ಊರಿಗೆ ಚಿತ್ರ ತೋರಿಸಿದ ಆ ಮಧ್ಯಾಹ್ನ, ಪರದೆಯಾಗಿ ಕಟ್ಟಿದ ಬಿಳೀ ಧೋತರದ ಮೇಲೆ. ನಗು ಬರಲಿಲ್ಲ, ಭುಜ ಮಾತ್ರ ಬಂದವು. ಅಯ್ಯ, ಕೂಸು ಹೆಂಗ ಅಳಾಕತ್ತೈತಿ ನೋಡು, ಅಂದಳು ಯಾವಳೋ. ಗುಲಗಂಜಿಯ ಕೆಂಪು ಆ ಬೆಳಕಿನಲ್ಲಿ ಸತ್ತುಹೋಗಿತ್ತು, ಸರ ಹೆಣ್ಣುಮಕ್ಕಳನ್ನು ದೇವಿಗೆ ಬಿಡುವಾಗ ಕಟ್ಟುವ ಮುತ್ತಿನ ಹಾಗೆಯೇ ಕಂಡಿತ್ತು, ಯಾರೋ ಧೋತರಕ್ಕೆ ಭಂಡಾರದ ಅರಿಸಿನ ಎರಚಿದರು, ಅವ್ವ ದುರುಗವ್ವ, ಹೆತ್ತ ಅವ್ವನೇ, ಎದ್ದು ಕೈಮುಗಿದಳು. ಆಟರಿ, ಬರೇ ಆಟರಿ ಇದು, ಎಂದು ಈಶಪ್ಪ ಕೂಗಿದ್ದು ಯಾರಿಗೆ ಬೇಕಿತ್ತು, ಆಟಾದರೇನು, ಇಷ್ಟು ಮಂದಿ ಮುಂದ ಕಟ್ಟಿದ್ದು ಕಟ್ಟಿದ್ದಽ ಅಲ್ಲೇನು, ಮುತ್ತು ಬಿದ್ದ ಕೊರಳಿಗೆ ತಾಳಿ ಎಲ್ಲಿಂದ, ಅಂದಿತು ಊರು. ಈಶಪ್ಪ ಸುರುಳಿ ಕಟ್ಟಿಕೊಂಡು ಮುಂಬೈ ರೈಲು ಹತ್ತಿದ. ಈಗ ಮಂಗಳವಾರ ಬಂದರೆ ಅಂಗಳದಲ್ಲಿ ಹೊಸ ಬುಟ್ಟಿ ಇರುತ್ತದೆ, ದೇವಿ ಹೆಸರಿನಲ್ಲಿ ಬೇಡಲು ಹೊರಡಲಿ ಅಂತ, ಯಾರು ಇಡುತ್ತಾರೋ, ಅದನ್ನು ಇವನು ಒದ್ದು ಒಡೆಯುತ್ತಾನೆ, ಮಾರೆವ್ವ ಬಿದಿರಿನ ಚೂರು ಆರಿಸುತ್ತ ಕೇಳುತ್ತಾಳೆ, ಅಣ್ಣಾ, ಆಟಕ್ಕ ಕಟ್ಟಿದ್ದು ಅಂತ ಆ ತಾಯೀಗೆ ಗೊತ್ತಿರತೈತಿ, ಹೌದಿಲ್ಲೋ? ಗೊತ್ತಿರತೈತಿ ಅಂದ, ಅಂದು ಹಿತ್ತಲಿಗೆ ಹೋಗಿ ಗೋಡೆ ಗುದ್ದಿದ.

ಹೇಳಬೇಕು, ಈಗಲೇ ಹೇಳಬೇಕು, ಬಾಯಿ ತೆರೆದ — ಆದರೆ ಮುದುಕಪ್ಪ ಹತ್ತಿರ ಬಂದ, ದನಿ ತಗ್ಗಿದೆ, ಬೈಗುಳಕ್ಕಿಂತ ಆ ತಗ್ಗಿದ ದನಿಯೇ ಕೆಟ್ಟದ್ದು. ನೋಡಪಾ, ನನ್ನ ಹೇಣ್ತಿ ಇನ್ನೂ ಆ ಹುಡುಗೀನಽ ಬೇಕು ಅಂತಾಳ, ಮನಿಯವರು ಕೊಟ್ಟಿದ್ದಲ್ಲ, ಯಾವನೋ ಕಟ್ಟ್ಯಾನ, ಗುಡೀಗೆ ತಪ್ಪುಕಾಣಿಕಿ ಇಟ್ಟು ಬಿಡಿಸಿಕೊಳ್ಳೂಣು ಅಂತಾಳ. ಒಡಹುಟ್ಟಿದವರ ಕೈಲೆ ಕಟ್ಟಿದ್ದರ ದೇವಿ ಬಿಡಂಗಿಲ್ಲ. ಪರಗಂಡಸು ಕೊರಳು ಮುಟ್ಟಿದ್ದರ ನಾ ಬಿಡಂಗಿಲ್ಲ. ಹೇಳು ಮತ್ತ, ಇಷ್ಟು ಮಂದಿ ಅದಾರ, ಆ ಕಂಬಳ್ಯಾಗ ಇದ್ದವ ಯಾರು?

ಹಮಾಲರ ನಗು ನಿಂತಿದೆ. ಬಾಯಿಪಾಠದ ಮಾತು ನಾಲಿಗೆಯ ಮೇಲೆ ಹಾಗೇ ಕೂತಿದೆ, ಇಷ್ಟು ದೂರ ಹೊತ್ತು ತಂದ ಮಾತು, ಅವಳನ್ನು ಬಿಡಿಸುವ ಮಾತು ಅಂದುಕೊಂಡದ್ದು, ನಾನು ಅಂದರೂ ಹೋದಳು, ಯಾರೋ ಅಂದರೂ ಹೋದಳು, ಬಾಯಿ ಮುಚ್ಚಿತು, ಕಾಲು ತಿರುಗಿದವು. ಏ ವೆಂಕೋಬಾ, ಹೇಳಿ ಹೋಗಲೇ, ಹೇಡಿ, ಹೇಳಿ ಹೋಗು — ಹಿಂದೆ ಯಾರೋ ಕೂಗುತ್ತಾರೆ, ಅವನು ನಡೆಯುತ್ತಾನೆ, ಚೀಲ, ಎತ್ತು, ಬಂಡಿ, ಧೂಳು ದಾಟಿ ನಡೆಯುತ್ತಾನೆ, ಏನೂ ಕೇಳಿಸದು, ಬಿಳೀ ಧೋತರ ಮಾತ್ರ, ಕರಿಕಂಬಳಿಯಿಂದ ಹೊರಬಂದ ತನ್ನ ಎರಡು ಕೈ, ಗಂಟು ಬಿಗಿಯುತ್ತಿವೆ, ತಗ್ಗಿದ ತಲೆ, ನಗುತ್ತಿದ್ದಾಳೆ, ಸದ್ದಿಲ್ಲ, ಭುಜ ಅಲುಗುತ್ತಿವೆ, ಭುಜ ಅಲುಗುತ್ತಿವೆ