ಕೊಟ್ಟಿಗೆ ಸೊಳ್ಳೆ, ಬಾವಿ ಸೊಳ್ಳೆ

ಮಲೇರಿಯಾ ಇನ್ಸ್‌ಪೆಕ್ಟರ್ ಆದಿನಾರಾಯಣಪ್ಪನವರಷ್ಟು ಮರ್ಯಾದಸ್ಥರು ದೇವನಹಳ್ಳಿ ಕೋಟೆಯೊಳಗೆ ಇನ್ನೊಬ್ಬರಿರಲಿಲ್ಲ. ಆ ಮರ್ಯಾದೆಗಿಷ್ಟು ಬೆಂಕಿ ಬೀಳ!

ಯುದ್ಧದ ಕಾಲ. ಕ್ವಿನೈನ್ ಎಲ್ಲ ಸಿಪಾಯಿಗಳ ಪಾಲಾಗಿ ಊರಿಗೆ ಸಿಗುತ್ತಿದ್ದುದು ಚೂರುಪಾರು. ಉಳಿದ ದಾರಿ ಒಂದೇ, ಸೊಳ್ಳೆ ಹುಟ್ಟುವ ಬಾವಿಗೆ ಎಣ್ಣೆ ಸುರಿದು ಮುಚ್ಚುವುದು. ಹುಣಸೆಹಣ್ಣಿನ ವ್ಯಾಪಾರಿ ಬುಡನ್ ಸಾಬರ ಮನೆಯ ಒಳಂಗಳದಲ್ಲಿ ಒಂದು ಬಾವಿಯಿತ್ತು. ಮಗಳು ಜೈಬುನ್ನೀಸಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು.

"ಕುಡಿಯೋ ನೀರು ಸ್ವಾಮಿ. ಎಣ್ಣೆ ಹಾಕ್ಬಿಟ್ರೆ ಬಸುರಿ ಹುಡ್ಗೀಗೆ ಎಲ್ಲಿಂದ ತರ್ಲಿ? ನಮ್ಮನೆ ಸೊಳ್ಳೆ ಕೆಟ್ಟದ್ದು ಅಂತ ತೋರ್ಸಿ, ನಾನೇ ಮುಚ್ಚಿಸ್ತೀನಿ," ಎಂದರು ಸಾಬರು.

ನ್ಯಾಯವಾದ ಮಾತೇ. ಮಲೇರಿಯಾ ಸೊಳ್ಳೆಯ ಆ ಒಂದೇ ಜಾತಿಯಲ್ಲಿ ಎರಡು ಬಗೆ. ಒಂದು ಪೇಟೆಯ ಬಾವಿಗಳಲ್ಲಿ ಹುಟ್ಟಿ, ಮನುಷ್ಯರನ್ನು ಕಚ್ಚಿ ಚಳಿಜ್ವರ ಹಂಚುವುದು. ಇನ್ನೊಂದು ದನದ ರಕ್ತಕ್ಕೇ ತೃಪ್ತಿಪಡುವ ಸಾಧು. ರೆಕ್ಕೆ, ಕಾಲು ನೋಡಿದರೆ ಎರಡೂ ಅವಳಿ ಜವಳಿ. ಮೊಟ್ಟೆಯಲ್ಲಿ ಮಾತ್ರ ಗುಟ್ಟು ರಟ್ಟಾಗುತ್ತದೆ. ಮೊಟ್ಟೆಯನ್ನು ನೀರಿನಲ್ಲಿ ತೇಲಿಸುವ ಪುಟ್ಟ ಗಾಳಿಚೀಲದ ಮೇಲೆ ಗೆರೆಗಳು ಹೆಚ್ಚಿದ್ದರೆ ಬಾವಿಯದು, ಕಡಿಮೆಯಿದ್ದರೆ ಕೊಟ್ಟಿಗೆಯದು.

ಸೊಳ್ಳೆ ಹಿಡಿಯಲು ಗಾಜಿನ ಕೊಳವೆಯೊಂದಿಗೆ ಬಂದ ಆದಿನಾರಾಯಣಪ್ಪ ನಡುಬಾಗಿಲ ಪರದೆ ಕಂಡೊಡನೆ ನಿಂತುಬಿಟ್ಟರು. ಗೋಷಾ ಮನೆ, ಒಳಗೆ ಹೆಣ್ಣುಮಕ್ಕಳು. ಬರಲೇ ಎಂದು ಕೇಳುವುದಕ್ಕೂ ಅವರಿಗೆ ಸಂಕೋಚ. ಸುಮ್ಮನೆ ಹಿಂತಿರುಗಿ, ಪಕ್ಕದಲ್ಲಿದ್ದ ಸಾಬರದೇ ದನದ ಕೊಟ್ಟಿಗೆಗೆ ನುಗ್ಗಿ ಅಲ್ಲಿಯ ಸೊಳ್ಳೆಗಳನ್ನೇ ಹಿಡಿದರು. ಮನೆ ಒಂದೇ, ಸೊಳ್ಳೆಯೂ ಒಂದೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅವು ಇಟ್ಟ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಗೆರೆ ಕಡಿಮೆ.

"ನಿಮ್ಮನೇದು ದನದ ಸೊಳ್ಳೆ ಸಾಬ್ರೇ. ಬಾವಿ ಹಂಗೇ ಇರ್ಲಿ."

ಸಾಬರು ಸಂತೋಷದಿಂದ ಖರ್ಜೂರ ಕಟ್ಟಿಕೊಟ್ಟರು.

ದಿನ ತುಂಬುವ ಮೊದಲೇ ಜೈಬುನ್ನೀಸಾಳಿಗೆ ಚಳಿ ಹತ್ತಿತು. ಊರೆಲ್ಲ ಅಲೆದು ತಂದ ಕ್ವಿನೈನ್ ಸಾಲಲಿಲ್ಲ. ಅವಳೂ ಉಳಿಯಲಿಲ್ಲ, ಹೊಟ್ಟೆಯಲ್ಲಿದ್ದ ಕೂಸೂ ಉಳಿಯಲಿಲ್ಲ.

ಮಣ್ಣು ಮುಗಿದ ಮೇಲೆ ಅವಳ ತಾಯಿ ಅನ್ವರ್ ಬೇಗಂ, ಮಗಳು ಮಲಗಿದ್ದ ಕೋಣೆಯ ಸೊಳ್ಳೆಗಳನ್ನು ಖಾಲಿ ಅತ್ತರಿನ ಶೀಶೆಯಲ್ಲಿ ಹಿಡಿದು ಇನ್ಸ್‌ಪೆಕ್ಟರಿಗೆ ಕಳಿಸಿದರು. ಅವುಗಳ ಮೊಟ್ಟೆಯಲ್ಲಿ ಗೆರೆಗಳು ಒತ್ತೊತ್ತಾಗಿದ್ದವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಆದಿನಾರಾಯಣಪ್ಪ ಎಣ್ಣೆ ಡಬ್ಬ ಹಿಡಿದು ಬಂದು ಅದೇ ಪರದೆಯ ಮುಂದೆ ತಲೆ ತಗ್ಗಿಸಿ ನಿಂತರು.

"ತಪ್ಪಾಯ್ತು ತಾಯೀ," ಎಂದರು.

ಪರದೆಯ ಹಿಂದಿನಿಂದ ಅನ್ವರ್ ಬೇಗಂ ಹೇಳಿದರು: "ಅವತ್ತೂ ಇಲ್ಲೇ ನಿಂತಿದ್ರಿ. ಬಾವಿಗೆ ಬಿದ್ದ ಕೊಡ ತೆಗೆಯೋಕೆ ಪಿಳ್ಳಪ್ಪ ಬರ್ತಾನೆ, ಸುಣ್ಣ ಹೊಡೆಯೋರು ಬರ್ತಾರೆ. ಬಾಗ್ಲಲ್ಲಿ ಒಂದ್ಸಲ ಕೆಮ್ತಾರೆ. ನಾವು ಅಡಿಗೆಮನೆಗೆ ಹೋಗಿ ಕದ ಹಾಕ್ಕೊಂತೀವಿ. ಅಷ್ಟೇ ಸ್ವಾಮಿ. ಅವತ್ತು ನನ್ನ ಮಗಳೂ ಎದ್ದು ನಿಂತಿದ್ಲು, ಈಗ ಕೆಮ್ತಾರೆ ಅಂತ."

ಆದಿನಾರಾಯಣಪ್ಪನವರಿಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಒಮ್ಮೆ ಕೆಮ್ಮಿದರು.

ಒಳಗೆ ಒಬ್ಬರದೇ ಬಳೆಯ ಸದ್ದು ಅಡಿಗೆಮನೆಯತ್ತ ಹೋಯಿತು.