ತಿರಸ್ಕರಿಸಿದ ದನಿಗಳು

ನಮ್ಮಕ್ಕನಿಗೆ ಬೀದಿಯವರು ಇಟ್ಟ ಹೆಸರು ಮೈಕಕ್ಕ. ಕೈಯಲ್ಲೊಂದು ಸಣ್ಣ ಮೈಕು, ಹೆಗಲಿಗೊಂದು ಹಳೆಯ ಲ್ಯಾಪ್‌ಟಾಪು. ಅಂಗಡಿ ಅಂಗಡಿ ಹತ್ತಿಳಿದು 'ನಿಮ್ಮ ದನಿ ಕೊಡಿ' ಎಂದು ಕಾಡುವುದೇ ಅವಳ ಕೆಲಸ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ನಮ್ಮ ಗುಂಪು ಕಟ್ಟುತ್ತಿತ್ತು. ಕಣ್ಣು ಕಾಣದವರು, ಮಾತು ಬಾರದವರು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಅದಕ್ಕೆ ನಮ್ಮ ಮಾತು ಕಲಿಸಲು ನೂರಾರು ಜನರ ದನಿ ಬೇಕಿತ್ತು. ಜಾಹೀರಾತು ಕೊಡುವ ತಾಕತ್ತು ನಮಗೆಲ್ಲಿ? ಅಕ್ಕನ ಬಾಯೇ ನಮ್ಮ ಜಾಹೀರಾತು.

"ನನ್ನ ದನಿ ಮೊಂಡು ಕತ್ತರಿ ಥರ ಇದೆ, ಬೇಡ ಬಿಡಿ" ಎಂದು ಕ್ಷೌರದಂಗಡಿಯವರು ಜಾರಿಕೊಂಡರೆ, "ಚೆಂದ ಇರೋದು ಬೇಡಪ್ಪ, ನಿಮ್ದಾಗಿದ್ರೆ ಸಾಕು" ಎಂದು ಕೂರಿಸುವಳು. ಮೈಕಿನ ಮುಂದೆ ಕೊಟ್ಟ ಸಾಲು ಓದುವವರು ತೊದಲಿದರೆ ನಡುವೆಯೇ ಬಾಯಿ ಹಾಕುವಳು. ನನಗೂ ಅವಳಿಗೂ ಜಗಳ ಅಲ್ಲೇ. ಅವಳು ರೆಕಾರ್ಡ್ ಮಾಡಿ ತಂದ ತುಣುಕುಗಳನ್ನು ಮನೆಯಲ್ಲಿ ಕೂತು ಕೇಳಿ ಆರಿಸುವವಳು ನಾನು. ಒಂದು ತುಣುಕಿನಲ್ಲಿ ಒಂದೇ ದನಿ ಇರಬೇಕು, ಇನ್ನೊಂದು ನುಸುಳಿದರೆ ತಿರಸ್ಕರಿಸಬೇಕು. ಇದು ಗುಂಪಿನ ನಿಯಮ.

"ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರೋಕಾಗಲ್ವಾ? ಒಳ್ಳೊಳ್ಳೆ ದನಿ ಹಾಳಾಗ್ತಿದೆ" ಎಂದು ರೇಗುತ್ತಿದ್ದೆ.

"ನಾನು ಸುಮ್ನಿದ್ರೆ ಅವರು ಎದ್ದು ಹೋಗ್ತಾರಲ್ಲೇ" ಎನ್ನುತ್ತಿದ್ದಳು.

ಆಮೇಲೆ ಅಕ್ಕನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು: ಧ್ವನಿಪೆಟ್ಟಿಗೆ ತೆಗೆಯಲೇಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ.

ಊರವರ ದನಿಯನ್ನೆಲ್ಲ ಕೂಡಿಟ್ಟವಳು ತನ್ನದನ್ನು ಇಟ್ಟೇ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಓಡಿಹೋಗಿ ಮೈಕು ಅವಳ ಮುಂದೆ ಹಿಡಿದೆ. ಅಷ್ಟರಲ್ಲಾಗಲೇ ಗಂಟಲಿಂದ ಬರೀ ಗಾಳಿ ಬರುತ್ತಿತ್ತು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು ನಮ್ಮ ಕಥೆ. "ಬಿಡು, ಇದು ನಾನಲ್ಲ" ಎಂದು ಪಿಸುಗುಟ್ಟಿ ಅಕ್ಕ ಮೈಕನ್ನು ಸರಿಸಿದಳು.

ಆಪರೇಷನ್ ಆದಮೇಲೆ ಅವಳು ಟೈಪ್ ಮಾಡಿದ್ದನ್ನು ನಮ್ಮದೇ ತಂತ್ರಾಂಶ ಓದುತ್ತಿತ್ತು, ಬೀದಿಯವರೆಲ್ಲ ಕೂಡಿ ಕೊಟ್ಟ ದನಿಯಲ್ಲಿ. ಮನೆಗೆ ಅದು ಸಾಕಾಗಿತ್ತು. ಬೀದಿಗೆ ಮಾತ್ರ ಅವಳು ಹೋಗಲೊಲ್ಲಳು. 'ಅವರ ದನೀಲೇ ಅವರನ್ನ ಹೇಗೆ ಕೇಳ್ಲಿ?' ಎಂದು ಟೈಪ್ ಮಾಡಿದಳು. ಮೈಕು ಕಪಾಟು ಸೇರಿತು. ಅವಳಿಲ್ಲದೆ ಹೊಸ ದನಿಗಳು ಬರುವುದೂ ನಿಂತಿತು. ಅಕ್ಕ ಕಿಟಕಿಯ ಬಳಿ ಕೂತು ಬೀದಿ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಕ್ಷೌರದಂಗಡಿಯವರು ಅವಳನ್ನು ನೋಡಲು ಬಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ನಾನು ಓದೋವಾಗ ಪಕ್ಕದಲ್ಲೇ ಕೂತು ಧೈರ್ಯ ಹೇಳ್ತಿದ್ರು. ಆ ಮಾತು ಇನ್ನೂ ಕಿವೀಲಿದೆ" ಎಂದರು.

ನನಗೆ ತಟ್ಟನೆ ಹೊಳೆಯಿತು. ತಿರಸ್ಕರಿಸಿದ ತುಣುಕುಗಳನ್ನು ನಮ್ಮ ಗುಂಪು ಅಳಿಸುವುದಿಲ್ಲ. ಯಾಕೆ ತಿರಸ್ಕರಿಸಿದರೆಂದು ಯಾರು ಬೇಕಾದರೂ ಕೇಳಿ ನೋಡುವಂತಿರಬೇಕು, ಅದೂ ನಿಯಮವೇ. ಕೂತು ಒಂದೊಂದೇ ತೆರೆದೆ. ಹಣ್ಣಿನವಳ ತೊದಲಿನ ಹಿಂದೆ ಅಕ್ಕ: "ನೀರು ಕುಡೀರಿ." ಬೀಗ ರಿಪೇರಿಯವರ ಕೆಮ್ಮಿನ ಹಿಂದೆ ಅಕ್ಕ: "ಹೆದರ್ಬೇಡಿ, ಇನ್ನೊಂದ್ಸಲ ಓದಿ." ಕತ್ತರಿ ದನಿಯ ಹಿಂದೆ ಅಕ್ಕ: "ಆಹಾ, ಬಂತು ನೋಡಿ!" ಹಾಳೆಂದು ನಾನೇ ತಳ್ಳಿದ್ದರಲ್ಲೆಲ್ಲ ಅವಳು ಗಟ್ಟಿಯಾಗಿ ಇದ್ದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಆ ಮಾತುಗಳನ್ನಷ್ಟೇ ಬಿಡಿಸಿ, ಅವಳ ಫೋನಿನಲ್ಲಿ ಗುಂಡಿಗೊಂದರಂತೆ ಕೂರಿಸಿಕೊಟ್ಟೆ. ಮೊದಲ ಗುಂಡಿ ಒತ್ತಿ, ತನ್ನ ದನಿ ಕೇಳಿ, ಅಕ್ಕ ಫೋನನ್ನು ಎದೆಗೊತ್ತಿಕೊಂಡಳು. ಆಮೇಲೆ ಎದ್ದು ಕಪಾಟಿನಿಂದ ಮೈಕು ತೆಗೆದಳು.

ಮರುದಿನ ದರ್ಜಿಯ ಅಂಗಡಿಗೆ ಹೋದಳು. ದರ್ಜಿ ಓದುತ್ತಾ ಓದುತ್ತಾ ಸಾಲಿನ ನಡುವೆ ತಡವರಿಸಿದರು. ಅವರು ಸುಧಾರಿಸಿಕೊಳ್ಳುವ ಮೊದಲೇ ಅಕ್ಕ ಗುಂಡಿ ಒತ್ತಿದಳು: "ಹೆದರ್ಬೇಡಿ, ಇನ್ನೊಂದ್ಸಲ ಓದಿ."

ಸಂಜೆ ಆ ತುಣುಕು ನನ್ನ ಮುಂದೆ ಬಂತು. ಒಂದರೊಳಗೆ ಎರಡು ದನಿ. ನಿಯಮ ನಿಯಮವೇ. ಮತ್ತೆ ಮತ್ತೆ ಕೇಳಿದೆ, ಕಣ್ಣೊರೆಸಿಕೊಂಡೆ, ತಿರಸ್ಕರಿಸಿದೆ.