ಇಳಿಸದೆ ಉಳಿದ ಐಎಸ್‌ಒ

ಬೆಳಗಿನಿಂದ ಮೋಡ ಹರಿದಿರಲಿಲ್ಲ. ನೋಂದಣಿ ಕಚೇರಿಯೊಳಗೂ ಮಬ್ಬು. ಉಪನ್ಯಾಸಕ ತನ್ನ ಕ್ಯಾಮೆರಾ ಹೆಚ್ಚು ಬೆಳಕು ಹೀರಲೆಂದು ಅದರ ಐಎಸ್‌ಒ ಅನ್ನು ಆರು ಸಾವಿರದ ನಾನೂರಕ್ಕೆ ಏರಿಸಿದ. ಅಣ್ಣನ ಮಗಳು ಮದುವೆಯ ಸಹಿ ಹಾಕುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಅಣ್ಣ. ಆಸ್ಪತ್ರೆಯವರು ಒಂದು ಗಂಟೆಯ ಮಟ್ಟಿಗೆ ಹೊರಗೆ ಬಿಟ್ಟಿದ್ದರು. ಮುಂದಿನ ವಾರದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಫೋಟೋದವರನ್ನು ಕರೆಸೋಣವೆಂದು ಅತ್ತಿಗೆ ಅಂದಾಗ ತಾನಿಲ್ಲವೇ ಎಂದವನು ಉಪನ್ಯಾಸಕನೇ.

"ಕ್ಯಾಮೆರಾನ ಆಟೋದಲ್ಲಿ ಇಡಬಾರ್ದಾ ಚಿಕ್ಕಪ್ಪ?" ಎಂದು ಹುಡುಗಿ ಕೇಳಿದ್ದಳು.

"ಆಟೋ ಹತ್ತೋರು ಹತ್ಲಿ. ನಾನು ನಡ್ಕೊಂಡೇ ಬರ್ತೀನಿ."

ಎಲ್ಲರೂ ನಕ್ಕಿದ್ದರು. ತೆಗೆದದ್ದನ್ನು ಕೂಡಲೇ ಪರದೆಯಲ್ಲಿ ನೋಡುವುದು ಕೂಡ ಅವನ ಲೆಕ್ಕದಲ್ಲಿ ಅಭಿರುಚಿಯಿಲ್ಲದವರ ಕೆಲಸ.

ಹೊರಗೆ ಬರುವಷ್ಟರಲ್ಲಿ ಮೋಡ ಸರಿದಿತ್ತು. ದೇವರು ಕೈಬಿಚ್ಚಿ ಕೊಟ್ಟ ಹಾಗೆ ಮೆಟ್ಟಿಲ ತುಂಬ ಬಿಸಿಲು. ಅಣ್ಣ ಮಗಳ ಭುಜ ಹಿಡಿದು ನಿಂತ. ಅಪ್ಪ, ಮಗಳು ಇಬ್ಬರೇ ಇರುವ ಒಂದು ಫೋಟೋ ಬೇಕೆಂದೇ ಅವನು ಹಾಸಿಗೆಯಿಂದ ಎದ್ದು ಬಂದದ್ದು.

ಉಪನ್ಯಾಸಕ ಚೌಕಟ್ಟು ನೋಡಿದ, ಫೋಕಸ್ ನೋಡಿದ. ಅಣ್ಣನ ಮುಖವೊಂದನ್ನು ಬಿಟ್ಟು.

"ಸಾಕೇನೋ? ಕಾಲು ನಡುಗ್ತಿದೆ."

"ಒಂದೇ ಒಂದು, ಅಣ್ಣ."

ಒಂದೇ ಒಂದು ಎನ್ನುತ್ತಲೇ ನಾಲ್ಕು ತೆಗೆದ.

ಮನೆಗೆ ಬಂದು ನೋಡಿದರೆ ನಾಲ್ಕೂ ಬಿಳಿ. ಮಬ್ಬಿಗೆಂದು ಏರಿಸಿದ ಐಎಸ್‌ಒ ಏರಿಸಿದಲ್ಲೇ ಇತ್ತು. ಮ್ಯಾನ್ಯುಯಲ್‌ನಲ್ಲಿ ಕ್ಯಾಮೆರಾ ಹೇಳಿದಷ್ಟೇ ಕೇಳುತ್ತದೆ. ಕಂಪ್ಯೂಟರಿಗೆ ಹಾಕಿ ಬೆಳಕು ತಗ್ಗಿಸಿದ. ಬಿಳುಪು ಬೂದುಬಣ್ಣವಾಯಿತು, ಮುಖ ಮೂಡಲಿಲ್ಲ.

ಕಾರ್ಡು ಕೆಟ್ಟುಹೋಯಿತೆಂದು ಕನ್ನಡಿಯ ಮುಂದೆ ಹೇಳಿ ನೋಡಿದ. ತಡವರಿಸದೆ, ಸಲೀಸಾಗಿ ಬಂತು. ನಾಚಿಕೆಯಾದದ್ದು ಅದಕ್ಕೇ.

ಸಂಜೆ ಆಸ್ಪತ್ರೆಯ ಕೋಣೆಯಲ್ಲಿ, ಅಣ್ಣನ ಕಣ್ಣಿಗೆ ಚುಚ್ಚುತ್ತದೆಂದು ದೀಪ ಆರಿಸಿದ್ದರು. ಹುಡುಗಿ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಫೋಟೋ ತೋರಿಸೆಂದು ಅಣ್ಣ ಕೈ ಚಾಚಿದ. ಕಲಿತುಬಂದ ಸುಳ್ಳು ನಾಲಗೆಗೆ ಬರಲಿಲ್ಲ. ಉಪನ್ಯಾಸಕ ಕ್ಯಾಮೆರಾ ಕೊಟ್ಟ.

ಬಿಳಿ ಪರದೆಯ ಬೆಳಕು ಅಣ್ಣನ ಮುಖದ ಮೇಲೆ ಬಿತ್ತು. ಗುಳಿಬಿದ್ದ ಕೆನ್ನೆ, ಒಣಗಿದ ತುಟಿ, ಏನನ್ನೋ ಹುಡುಕುವ ಕಣ್ಣು. ಬಾಗಿದ ಮಗಳ ಮುಖ ಅದೇ ಬೆಳಕಿನಲ್ಲಿ, ಅವನ ಕೆನ್ನೆಗೆ ತಾಗಿ. ಇಬ್ಬರೇ. ಉಪನ್ಯಾಸಕನ ಕೈ ಬರಿದಾಗಿತ್ತು.

"ನಾವೆಲ್ಲಿದೀವಿ ಇದ್ರಲ್ಲಿ?" ಹುಡುಗಿ ಮೆಲ್ಲಗೆ ಕೇಳಿದಳು.

"ಬಿಸಿಲು ಜೋರಿತ್ತಲ್ಲಮ್ಮ," ಎಂದ ಅಣ್ಣ.

ಗುಂಡಿ ಒತ್ತುವವರಿಲ್ಲದೆ ಪರದೆ ತಾನಾಗಿ ಆರಿತು. ಅಣ್ಣ ಕ್ಯಾಮೆರಾವನ್ನು ಕತ್ತಲಲ್ಲಿ ತಮ್ಮನ ಕಡೆ ಚಾಚಿ, ಕೈ ಸಿಗುವವರೆಗೂ ಹಾಗೇ ಹಿಡಿದುಕೊಂಡಿದ್ದ.